ಈಡಿಯ ಸಿನಿಮಾ ನೋಡಿದೆ ಕಣೇ

ಪ್ರೀತಿಯ ಪುಟ್ಟಿ,

ನೀನು ಹೇಳಿದ 'ಫ್ಯಾಕ್ಟರಿ ಗರ್ಲ್' ನೋಡಿದೆ. ಈಡಿ ಅಂದ ಕೂಡಲೇ ನಿಮ್ಮಪ್ಪ ಪೇಪರಿನಿಂದ ತಲೆ ಎತ್ತಿ, "ಈಗ ಯಾರ ಮನೆ ಮೇಲೆ ರೇಡು?" ಅಂದರು. ಆ ಇ.ಡಿ. ಅಲ್ಲ ಮಾರಾಯರೇ, ಅಮೆರಿಕದ ಒಬ್ಬ ಹುಡುಗಿ, ಈಡಿ ಸೆಜ್‌ವಿಕ್ ಅಂದೆ. ಸ್ವಲ್ಪ ಹೊತ್ತು ಜೊತೆಗೆ ಕೂತರು, ಆಮೇಲೆ ಎದ್ದು ಮಲಗಲು ಹೋದರು. ನಾನು ಪೂರ್ತಿ ನೋಡಿದೆ. ನೋಡಿ ಸಿಟ್ಟು ಬಂತು.

ಈಡಿಯ ಪಾತ್ರ ಮಾಡಿದ ಸಿಯೆನ್ನಾ ಮಿಲ್ಲರ್ ಮೇಲಲ್ಲ. ಆಕೆ ಚೆನ್ನಾಗಿಯೇ ಮಾಡಿದ್ದಾಳೆ. ಅವಳನ್ನಿಟ್ಟು ಸಿನಿಮಾ ತೆಗೆದ ಚಿತ್ರ ಕಲಾವಿದ ಆಂಡಿ ವಾರ್ಹಾಲ್ ಆಗಿರುವ ಗೈ ಪಿಯರ್ಸ್ ಅಂತೂ ಇನ್ನೂ ಜೋರು. ಬಾಯಿಬಿಟ್ಟು ಏನನ್ನೂ ಕೇಳದೆ ಎಲ್ಲವನ್ನೂ ಪಡೆದುಕೊಳ್ಳುವ ಮನುಷ್ಯ ಹೇಗೆ ನಿಲ್ಲುತ್ತಾನೆ, ಹೇಗೆ ನೋಡುತ್ತಾನೆ ಅನ್ನುವುದು ಅವನಿಗೆ ಗೊತ್ತು. ನನ್ನ ತಕರಾರು ಕಥೆಯದು. ನಡುವೆ ಒಬ್ಬಳು ಪಾಪದ ಶ್ರೀಮಂತರ ಹುಡುಗಿ. ಒಂದು ಕಡೆ ಅವಳನ್ನು ಬಳಸಿ ಬಿಸಾಡುವ ಕಲಾವಿದ. ಇನ್ನೊಂದು ಕಡೆ ಮೋಟಾರ್‌ಸೈಕಲ್ ಮೇಲೆ ಬಂದು ಬುದ್ಧಿ ಹೇಳುವ ಹಾಡುಗಾರ. ಅವನ ಹೆಸರು ಸಿನಿಮಾದಲ್ಲಿ ಬೇರೆ. ಆದರೆ ಬಾಬ್ ಡಿಲನ್ ಅಂತ ಯಾರಿಗೆ ಗೊತ್ತಾಗಲ್ಲ ಹೇಳು? 2006ರಲ್ಲಿ ಡಿಲನ್ ಕಡೆಯ ವಕೀಲರು ನೋಟಿಸನ್ನೇ ಕಳಿಸಿದ್ದರು. ಸರಿ, ವಿಲನ್ ಸಿಕ್ಕಿದ, ಹೀರೋ ಸಿಕ್ಕಿದ. ಈಡಿ ಏನು ಮಾಡಿದಳು? ಕುಣಿದಳು, ಅತ್ತಳು, ಮಾದಕ ವಸ್ತುವಿಗೆ ಬಿದ್ದಳು, ಸತ್ತಳು. ಅಷ್ಟೇನಾ?

ಅಲ್ಲಿಂದ ಅವಳ ಬಗ್ಗೆ ಓದುತ್ತಾ ಹೋದೆ. 1943ರಲ್ಲಿ ಕ್ಯಾಲಿಫೋರ್ನಿಯಾದ ಸಾಂತಾ ಬಾರ್ಬರಾದಲ್ಲಿ ಹುಟ್ಟಿದವಳು, ಎಂಟು ಮಕ್ಕಳಲ್ಲಿ ಏಳನೆಯವಳು. ಹಳೇ ದೊಡ್ಡ ಮನೆತನ. ದನ ಸಾಕುವ ದೊಡ್ಡ ಜಮೀನು, ಅದರಲ್ಲಿ ಎಣ್ಣೆ ಬೇರೆ ಸಿಕ್ಕಿತ್ತು. ಆದರೆ ಹುಡುಗಿಗೆ ಚಿಕ್ಕ ವಯಸ್ಸಿನಲ್ಲೇ ಊಟ ಸೇರದ ಕಾಯಿಲೆ. 1962ರಲ್ಲಿ ಮಾನಸಿಕ ಚಿಕಿತ್ಸೆಗೆ ಆಸ್ಪತ್ರೆ ಸೇರಿಸಿದರು. 1964ರಲ್ಲಿ ಅಣ್ಣ ಮಿಂಟಿ ತಾನೇ ಜೀವ ಕಳೆದುಕೊಂಡ. 1965ರ ಜನವರಿಯಲ್ಲಿ ಇನ್ನೊಬ್ಬ ಅಣ್ಣ ಬಾಬಿ ಮೋಟಾರ್‌ಸೈಕಲ್ ಅಪಘಾತದಿಂದ ಹೋದ. ವಾರ್ಹಾಲ್ ಅವಳನ್ನು ಕಂಡದ್ದು ಇದೆಲ್ಲ ಆದ ಮೇಲೆ. ಅವಳು ಹಾಳಾದದ್ದೆಲ್ಲ 'ಫ್ಯಾಕ್ಟರಿ'ಯಿಂದ, ಅಂದರೆ ವಾರ್ಹಾಲ್‌ನ ಸ್ಟುಡಿಯೊದಿಂದ ಅಂತ ಹೇಳಿಬಿಟ್ಟರೆ ಮನೆಯವರ ಪಾಲು ಎಲ್ಲಿ ಹೋಯಿತು? ಸಿನಿಮಾ ಅಪ್ಪನನ್ನು ತೋರಿಸುತ್ತದೆ, ಇಲ್ಲ ಅನ್ನಲ್ಲ. ಆದರೆ ಬೇಗ ಬೇಗ ದಾಟಿಬಿಡುತ್ತದೆ.

ಇನ್ನು ಆ ಫ್ಯಾಕ್ಟರಿ. ನ್ಯೂಯಾರ್ಕಿನ ಪೂರ್ವ 47ನೇ ಬೀದಿಯ ಒಂದು ದೊಡ್ಡ ಹಜಾರ ಅಷ್ಟೇ. ಬಿಲ್ಲಿ ನೇಮ್ ಅನ್ನುವವನು ಅಲ್ಲಿಗೆಲ್ಲ ಬೆಳ್ಳಿ ಬಣ್ಣ ಬಳಿದು, ಅಲ್ಯೂಮಿನಿಯಂ ಹಾಳೆ ಅಂಟಿಸಿದ್ದ. ಈಡಿಯೂ ಕೂದಲು ಗಿಡ್ಡ ಮಾಡಿ ಬೆಳ್ಳಿ ಬಣ್ಣ ಹಚ್ಚಿದಳು. ಕಪ್ಪು ಕಾಲ್ಚೀಲ, ಉದ್ದ ಲೋಲಾಕು. 1965ರಲ್ಲೇ 'ವೋಗ್' ಫ್ಯಾಶನ್ ಪತ್ರಿಕೆಯಲ್ಲೂ ಬಂದಳು. 1965ರ ಅಕ್ಟೋಬರಿನಲ್ಲಿ ಫಿಲಡೆಲ್ಫಿಯಾದಲ್ಲಿ ವಾರ್ಹಾಲ್ ಪ್ರದರ್ಶನ ಇತ್ತು. ನೂಕುನುಗ್ಗಲಿಗೆ ಚಿತ್ರಗಳು ಹಾಳಾದಾವು ಅಂತ ಹೆಚ್ಚಿನವನ್ನು ಗೋಡೆಯಿಂದ ಇಳಿಸಿಬಿಟ್ಟಿದ್ದರಂತೆ! ಜನ ಆಂಡಿ, ಈಡಿ ಅಂತ ಕೂಗುತ್ತಿದ್ದರು. ಕೊನೆಗೆ ಮೇಲ್ಛಾವಣಿಯಲ್ಲಿ ದಾರಿ ಮಾಡಿ ಅವರನ್ನು ಹೊರಗೆ ಸಾಗಿಸಿದರು. ಚಿತ್ರವೇ ಇಲ್ಲದ ಚಿತ್ರಪ್ರದರ್ಶನಕ್ಕೆ ಅಷ್ಟು ಜನ. ಅರ್ಧ ಜನ ಆ ಹುಡುಗಿಯನ್ನು ನೋಡಲು ಬಂದಿದ್ದರು ಅಂತಲೇ ನನಗನ್ನಿಸುತ್ತದೆ.

ನನಗೆ ಜಾಸ್ತಿ ಹಿಡಿಸಿದ್ದು ವಾರ್ಹಾಲ್ ಅವಳನ್ನಿಟ್ಟು ತೆಗೆದ ಸಿನಿಮಾಗಳು. 'ಪೂರ್ ಲಿಟಲ್ ರಿಚ್ ಗರ್ಲ್' ಅಂತ ಒಂದಿದೆ, 1965ರದ್ದು. ಮೊದಲ ಅರ್ಧ ಪೂರ್ತಿ ಮಸುಕು. ಲೆನ್ಸ್ ಕೈಕೊಟ್ಟಿತ್ತು, ಮತ್ತೆ ಚಿತ್ರೀಕರಿಸಿದರೂ ಆ ಕೆಟ್ಟ ರೀಲನ್ನು ಬೇಕೆಂದೇ ಮುಂದಿಟ್ಟರು. ಈಡಿ ಏಳುತ್ತಾಳೆ, ಕಾಫಿಗೆ ಫೋನ್ ಮಾಡುತ್ತಾಳೆ, ಸಿಗರೇಟು ಹಚ್ಚುತ್ತಾಳೆ, ಮುಖಕ್ಕೆ ಬಣ್ಣ ಹಚ್ಚುತ್ತಾಳೆ. ಅಜ್ಜಿಯ ದುಡ್ಡು ಕರಗಿದ್ದನ್ನು ನಗುತ್ತಾ ಹೇಳುತ್ತಾಳೆ. ಬರೆದುಕೊಟ್ಟ ಸಂಭಾಷಣೆ ಇಲ್ಲ. ಒಂದು ಗಂಟೆ ಹೊತ್ತು ಕ್ಯಾಮರಾ ಒಬ್ಬಳ ಮೇಲೇ ನಿಂತಿದ್ದರೂ ನಮ್ಮ ಕಣ್ಣು ಕದಲದ ಹಾಗೆ ಮಾಡುವುದು ಕೆಲಸ ಅಲ್ವಾ? ನೀನು ಮಾಡಿ ನೋಡು ಅಂದರೆ ಗೊತ್ತಾಗುತ್ತದೆ. ಇನ್ನೊಂದರಲ್ಲಿ ಟಿವಿಯಲ್ಲಿ ಅವಳದೇ ಮುಖ ಓಡುತ್ತಿರುತ್ತದೆ, ಪಕ್ಕದಲ್ಲಿ ಅವಳೇ ಕೂತು ಮಾತಾಡುತ್ತಾಳೆ. ಅದನ್ನು ಎರಡು ರೀಲುಗಳಲ್ಲಿ ಅಕ್ಕಪಕ್ಕ ತೋರಿಸುತ್ತಾರೆ. ಅಂದರೆ ಪರದೆ ಮೇಲೆ ನಾಲ್ಕು ಈಡಿ. ತನ್ನ ದನಿ ತಾನೇ ಕೇಳಿ ಅವಳಿಗೆ ಕಿರಿಕಿರಿಯಾಗುತ್ತದೆ, ಮಾತು ತಪ್ಪುತ್ತದೆ. 1965ಕ್ಕೆ ಕಲಾವಿದರ ಕೈಗೆ ವೀಡಿಯೊ ಟೇಪ್ ಸಿಕ್ಕಿದ್ದೇ ಹೊಸದು. ಈಗ ಕಲೆಯ ಇತಿಹಾಸ ಬರೆಯುವವರು ಅದನ್ನು ವಾರ್ಹಾಲ್ ಕೃತಿ ಅನ್ನುತ್ತಾರೆ. ಅವಳಿಲ್ಲದೆ ಅಲ್ಲಿ ಏನಿದೆ? ಒಂದು ಟಿವಿ, ಒಂದು ಕುರ್ಚಿ.

ಜೀವನಚಿತ್ರ ಮಾಡಿದವರು ಇದನ್ನೇ ಬಿಟ್ಟರು. ಅವಳ ಲೋಲಾಕನ್ನು ಸರಿಯಾಗಿ ಹುಡುಕಿ ತಂದಿದ್ದಾರೆ, ಅವಳ ಕೆಲಸವನ್ನು ತರಲಿಲ್ಲ. ಕೊನೆಯಲ್ಲಿ ಹೆಸರುಗಳು ಓಡುವಾಗ ಅವಳನ್ನು ನಿಜವಾಗಿ ಬಲ್ಲವರು ಮಾತಾಡುತ್ತಾರೆ. ಅಷ್ಟರಲ್ಲಿ ಸಿಗುವ ಈಡಿ ಇಡೀ ಸಿನಿಮಾದಲ್ಲಿ ನನಗೆ ಸಿಗಲಿಲ್ಲ.

ದುಡ್ಡಿನ ವಿಷಯಕ್ಕೆ ಬರುತ್ತೇನೆ, ನಿನಗೆ ಇಷ್ಟವಾಗದಿದ್ದರೂ. ಫ್ಯಾಕ್ಟರಿಯ ಸಿನಿಮಾಗಳಲ್ಲಿ ನಟಿಸಿದವರಿಗೆ ಸಂಬಳ ಅಂತ ಇರಲಿಲ್ಲ. ಹೆಸರು ಬರುತ್ತೆ, ಸಾಲದಾ ಅನ್ನುವ ಲೆಕ್ಕ. ಈಡಿ ಕೇಳಿದಳು, ಜಗಳವಾಯಿತು, 1966ರ ಹೊತ್ತಿಗೆ ಅಲ್ಲಿಂದ ದೂರವಾದಳು. 1971ರ ನವೆಂಬರಿನಲ್ಲಿ, 28ನೇ ವಯಸ್ಸಿನಲ್ಲಿ, ನಿದ್ರೆ ಮಾತ್ರೆಯಿಂದ ಸತ್ತಳು. ಹಿಂದಿನ ಸಂಜೆ ಒಂದು ಫ್ಯಾಶನ್ ಶೋಗೆ ಹೋಗಿದ್ದಳು. ಅಲ್ಲೂ ಟಿವಿಯವರ ಕ್ಯಾಮರಾ ಇತ್ತು. ಅದೇ ಬೆಳ್ಳಿ ಹಜಾರದ ಕಾಲದ, ವಾರ್ಹಾಲ್ ಮಾಡಿದ 1964ರ ಒಂದು ಮರ್ಲಿನ್ ಮನ್ರೋ ಚಿತ್ರ 2022ರಲ್ಲಿ 19.5 ಕೋಟಿ ಡಾಲರಿಗೆ ಹರಾಜಾಯಿತು. ವಾರ್ಹಾಲ್ ಕೂಡ ಆಗ ಬದುಕಿರಲಿಲ್ಲ, ಗೊತ್ತು. ಆದರೂ ಓದುವಾಗ ಹೊಟ್ಟೆ ಉರಿಯಿತು.

ನೀನು ಫೋನಿನಲ್ಲಿ ಹೇಳಿದೆಯಲ್ಲ, ಸೀನಿಯರ್ ಒಬ್ಬರ ವೀಡಿಯೊಗೆ ಕನ್ನಡಿ ಮುಂದೆ ಕೂತು ಮಾತಾಡಿದೆ ಅಂತ. ಮಾತು ನೀನೇ ಕಟ್ಟಿದ್ದು. ಅಜ್ಜಿ ಸೀರೆ ಉಟ್ಟದ್ದೂ ನಿನ್ನ ಯೋಚನೆ. ಬೇಡ ಅನ್ನುತ್ತಿಲ್ಲ ಕಣೇ, ಕೇಳಿ ಖುಷಿಯೇ ಆಯಿತು. ಆದರೆ ಪ್ರದರ್ಶನದ ದಿನ ಗೋಡೆ ಮೇಲಿನ ಚೀಟಿಯಲ್ಲಿ ನಿನ್ನ ಹೆಸರು ಇರುತ್ತಾ? ಇದ್ದರೆ 'ನಟನೆ' ಅಂತಲಾ, ಇಬ್ಬರ ಕೃತಿ ಅಂತಲಾ? ಮುಂದೆ ಯಾರಾದರೂ ಅದನ್ನು ಕೊಂಡರೆ ನಿನಗೇನು ಅಂತ ಮಾತಾಡಿಕೊಂಡಿದ್ದೀರಾ? ಕೇಳಿ ನನಗೆ ಬರೆ. "ಅಯ್ಯೋ ಅಮ್ಮ, ಫ್ರೆಂಡ್ಸ್ ಮಧ್ಯೆ ಇದೆಲ್ಲ ಕೇಳಲ್ಲ" ಅಂತ ಮಾತ್ರ ಹೇಳಬೇಡ.

ನಿನ್ನ,
ಅಮ್ಮ