ಕಿತ್ತು ಬರುವ ಬ್ರಷ್ಷು

ಸೋಲಿಂಗನ್, ಜರ್ಮನಿ
ಭಾನುವಾರ, ನವೆಂಬರ್ 16

ಪ್ರೀತಿಯ ಅಪ್ಪ, ಅಮ್ಮ,

ನಮಸ್ಕಾರ. ನಾನು ಚೆನ್ನಾಗಿದ್ದೇನೆ. ವಾರ ವಾರ ಫೋನಲ್ಲಿ ಮಾತಾಡುತ್ತೇವಲ್ಲ, ಈಗ ಕಾಗದ ಯಾಕೆ ಬಂತು ಅಂತ ಅಮ್ಮ ಗಾಬರಿಯಾಗಬೇಡ. ಅಪ್ಪನಿಗೆ ಒಂದಷ್ಟು ಅಳತೆ ಹೇಳಬೇಕಿತ್ತು. ಫೋನಲ್ಲಿ ಹೇಳಿದರೆ ಅಪ್ಪ ‘ಹೂಂ, ಹೂಂ’ ಅಂತಾರೆ, ಎರಡು ನಿಮಿಷಕ್ಕೆ ಫೋನು ನಿನ್ನ ಕೈಗೆ ಬಂದು ಅವರೆಕಾಳಿನ ರೇಟಿನ ಮಾತು ಶುರುವಾಗುತ್ತದೆ. ಅದಕ್ಕೇ ಬರೆದಿದ್ದೇನೆ. ಜೊತೆಗೆ ರಟ್ಟಿನ ತುಂಡು ಒಂದನ್ನು ಕತ್ತರಿಸಿ ಇಟ್ಟಿದ್ದೇನೆ. ಕವರಿಗೆ ಗಟ್ಟಿ ಇರಲಿ ಅಂತ ಹಾಕಿದ ರಟ್ಟು ಅಂದುಕೊಂಡು ಎಸೆಯಬೇಡ. ಈ ಕಾಗದಕ್ಕಿಂತ ಆ ರಟ್ಟಿನ ಅಂಚೇ ಮುಖ್ಯ.

ಅಪ್ಪ, ಈ ಸೆಮಿಸ್ಟರ್‌ನಲ್ಲಿ ಏನು ಮಾಡುತ್ತಿದ್ದೀಯ ಅಂತ ನೀವು ಮೂರು ಸಲ ಕೇಳಿದಿರಿ. ಮೂರು ಸಲವೂ ‘ಏನೋ ಪ್ರಾಜೆಕ್ಟು’ ಅಂತ ಜಾರಿಕೊಂಡೆ. ಹೇಳುವುದಕ್ಕೆ ನಾಚಿಕೆ ಆಗಿತ್ತು. ಗಡ್ಡಕ್ಕೆ ನೊರೆ ಹಚ್ಚುವ ಬ್ರಷ್ಷು ಮಾಡುತ್ತಿದ್ದೇನೆ. ಪೂರ್ತಿ ಬಿಚ್ಚಿ ತೊಳೆಯಬಹುದಾದ ಬ್ರಷ್ಷು. ಅಮ್ಮ, ನಗಬೇಡ.

ಬಚ್ಚಲಲ್ಲಿ ದಿನಾ ಬಳಸುವ, ಆದರೆ ಸರಿಯಾಗಿ ತೊಳೆಯಲಾಗದ ವಸ್ತು ಒಂದನ್ನು ಹಿಡಿದು ಹೊಸದಾಗಿ ಮಾಡಿ ಅಂತ ಮೇಷ್ಟ್ರು ಹೇಳಿದ್ದರು. ಉಳಿದವರು ಸೋಪಿನ ಡಬ್ಬಿ, ಬಾಚಣಿಗೆ, ಹಲ್ಲುಜ್ಜುವ ಬ್ರಷ್ಷು ಆರಿಸಿಕೊಂಡರು. ನನ್ನ ಕಣ್ಣ ಮುಂದೆ ಬಂದದ್ದು ನಿಮ್ಮ ಕೆಂಪು ಹಿಡಿಯ ಬ್ರಷ್ಷು.

ನೆನಪಿದೆಯಾ? ಭಾನುವಾರ ಬೆಳಿಗ್ಗೆ ಕಿಟಕಿಯ ಸರಳಿಗೆ ಕನ್ನಡಿ ಸಿಕ್ಕಿಸಿ, ಸ್ಟೀಲ್ ಚೊಂಬಿನಲ್ಲಿ ಬಿಸಿನೀರು ಇಟ್ಟುಕೊಂಡು ಕೂರುತ್ತಿದ್ದಿರಿ. ನಾನು ಆಗ ಎರಡನೇ ಕ್ಲಾಸೋ ಮೂರನೇ ಕ್ಲಾಸೋ. ಒಂದು ಸಲ ನೀವು ಚೊಂಬಿನಿಂದ ಬ್ರಷ್ಷು ಎತ್ತಿದರೆ ಬರೀ ಹಿಡಿ ಬಂತು. ಕೂದಲ ಗಂಟು ಚೊಂಬಿನ ತಳದಲ್ಲಿ ಸತ್ತ ಇಲಿಮರಿ ಹಾಗೆ ಕೂತಿತ್ತು. ನಾನು ಕಿರುಚಿದೆ. ನೀವು ಅರ್ಧ ಮುಖಕ್ಕೆ ನೊರೆ ಇದ್ದ ಹಾಗೇ ಹಿತ್ತಲಿನ ಲೇತಿನ ಹತ್ತಿರ ಹೋಗಿ, ಅರಗಿನ ಕಡ್ಡಿ ಕಾಯಿಸಿ, ಹಿಡಿಯ ಗುಂಡಿಗೆ ತೊಟ್ಟಿಕ್ಕಿಸಿ, ಗಂಟನ್ನು ಒತ್ತಿ ಕೂರಿಸಿದಿರಿ.

ಅರಗಿಗೆ ಬಿಸಿನೀರು ಆಗಲ್ಲ ಅಂತ ಚನ್ನಪಟ್ಟಣದಲ್ಲಿ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಮೂರು ನಾಲ್ಕು ತಿಂಗಳಿಗೊಮ್ಮೆ ಗಂಟು ಮತ್ತೆ ಕಿತ್ತು ಬರುತ್ತಿತ್ತು. ಪ್ರತಿ ಸಲವೂ ನೀವು ನಿಂಬೆಹಣ್ಣು ಹಿಂಡಿದ ನೀರಲ್ಲಿ ಗಂಟನ್ನು ತೊಳೆದು, ಕಾಂಪೌಂಡಿನ ಮೇಲೆ ಬಿಸಿಲಿಗಿಟ್ಟು, ಸಣ್ಣ ಉಳಿಯಲ್ಲಿ ಗುಂಡಿ ಕೆರೆದು, ಮುಂದಿನ ಭಾನುವಾರ ಮತ್ತೆ ಅಂಟಿಸುತ್ತಿದ್ದಿರಿ. ‘ಬಸ್ ಸ್ಟ್ಯಾಂಡ್ ಹತ್ರ ಮೂವತ್ತು ರೂಪಾಯಿಗೆ ಹೊಸದು ಸಿಗುತ್ತೆ, ತರಬಾರದಾ’ ಅಂತ ಅಮ್ಮ ಗೊಣಗುತ್ತಿದ್ದಳು. ಅದೇ ಬಚ್ಚಲಿನಲ್ಲಿದ್ದ ಚಿಕ್ಕಪ್ಪನ ಬ್ರಷ್ಷುಗಳು ವರ್ಷಕ್ಕೆ ನಾರಿ, ಕೂದಲು ಉದುರಿ, ಕಸಕ್ಕೆ ಹೋಗುತ್ತಿದ್ದವು. ನಿಮ್ಮದು ನಾನು ಪಿಯುಸಿ ಮುಗಿಸುವ ತನಕ ಬಂತು. ಅದು ಹಾಳಾಗಿತ್ತು, ಅದಕ್ಕೇ ಬಾಳಿತು. ಇದು ನನಗೆ ಇಲ್ಲಿಗೆ ಬಂದ ಮೇಲೆ ಹೊಳೆದದ್ದು.

ನಾನಿರುವ ಊರಿನ ಬಗ್ಗೆ ಹೇಳಿದ್ದೆ ಅಲ್ವಾ? ಚಾಕು, ಕತ್ತರಿ, ಕ್ಷೌರದ ಕತ್ತಿಗಳ ಊರು ಇದು. ‘ಸೋಲಿಂಗನ್’ ಅನ್ನುವ ಹೆಸರನ್ನು ಬೇರೆಯವರು ಚಾಕುಗಳ ಮೇಲೆ ಹಾಕಿಕೊಳ್ಳಬಾರದು ಅಂತ 1938ರಲ್ಲೇ ಕಾನೂನು ಆಗಿದೆ. ನಮ್ಮೂರಿನ ಗೊಂಬೆಗೆ ಜಿಐ ಗುರುತು ಸಿಕ್ಕಿದೆಯಲ್ಲ, ಹಾಗೆ. ಗ್ರೇಫ್ರಾಟ್ ಅನ್ನುವ ಕಡೆ ಹಳೇ ಮಠದ ಕಟ್ಟಡದಲ್ಲಿ ಬರೀ ಕತ್ತಿ ಚಾಕುಗಳ ಮ್ಯೂಸಿಯಂ ಇದೆ. ಕತ್ತಿಯ ಅಂಚಿನ ಬಗ್ಗೆ ಇವರಿಗೆ ಇರುವ ಶ್ರದ್ಧೆ ನೋಡಿದರೆ ಖುಷಿಯಾಗುತ್ತದೆ. ಬ್ರಷ್ಷಿನ ಮೇಲೆ ಮಾತ್ರ ಯಾರಿಗೂ ಅಷ್ಟು ಗಮನ ಇಲ್ಲ.

ಹಳೇ ಸಾಮಾನಿನ ಸಂತೆಯಲ್ಲಿ ಆರು ಬ್ರಷ್ಷು ಕೊಂಡು ತಂದೆ. ಕಾಲೇಜಿನ ವರ್ಕ್‌ಶಾಪಿನಲ್ಲಿ ವೈಸಿಗೆ ಹಾಕಿ ಹ್ಯಾಕ್ಸಾದಿಂದ ಉದ್ದಕ್ಕೆ ಸೀಳಿದೆ. ಹೊರಗಿಂದ ಆರೂ ಚೊಕ್ಕವಾಗಿದ್ದವು. ಒಳಗೆ ನೋಡಬೇಕಿತ್ತು ಅಪ್ಪ. ಕೂದಲನ್ನೆಲ್ಲ ಹಿಡಿದಿಟ್ಟ ಅಂಟಿನ ಬಿಲ್ಲೆ ತಳದಲ್ಲಿ. ಅದರ ಮೇಲೆ ಒಂದು ಬೆರಳಿನ ದಪ್ಪಕ್ಕೆ ಕೂದಲ ಸಂದುಗಳಲ್ಲೆಲ್ಲ ಹಳೇ ಬೆಣ್ಣೆಯಂಥ ಮೆತ್ತು. ಉಗುರಲ್ಲಿ ಕೆರೆದರೆ ಪುಡಿ ಪುಡಿ. ಮರದ ಹಿಡಿ ಇದ್ದ ಎರಡರಲ್ಲಿ ಗುಂಡಿಯ ಗೋಡೆಗೆ ಕಪ್ಪು ಚುಕ್ಕಿ, ಬೂಷ್ಟು. ಒದ್ದೆ ಬಟ್ಟೆ ಗಂಟು ಕಟ್ಟಿ ಮರೆತುಬಿಟ್ಟ ವಾಸನೆ. ಪಕ್ಕದ ಟೇಬಲ್ಲಿನ ಹುಡುಗ ಎದ್ದು ಕಿಟಕಿ ತೆಗೆದ.

ಆ ಮೆತ್ತು ಬರೀ ಸೋಪಲ್ಲ. ಗಡಸು ನೀರಿನ ಸುಣ್ಣದ ಅಂಶ ಸೋಪಿನ ಜೊತೆ ಸೇರಿದರೆ ನೀರಲ್ಲಿ ಕರಗದ ಜಿಡ್ಡಾಗುತ್ತದೆ. ನಮ್ಮನೆ ಬಕೆಟ್ಟಿನ ಒಳಗೆ ಬಿಳಿ ಗೆರೆ ಕಟ್ಟುತ್ತದಲ್ಲ, ಅದೇ. ಎಷ್ಟು ನೀರು ಹಾಕಿ ಜಾಲಿಸಿದರೂ ಹೋಗಲ್ಲ, ಹುಳಿ ಬೇಕು. ನಿಮ್ಮ ನಿಂಬೆಹಣ್ಣಿನ ಉಪಾಯ ಇಲ್ಲಿನವರ ವಿನೆಗರ್ ಉಪಾಯವೇ.

ಈ ನೀರಿನ ವಿಷಯದಲ್ಲಿ ಒಂದು ತಮಾಷೆ ಆಯ್ತು. ಸೋಲಿಂಗನ್‌ಗೆ ಬರುವುದು ಸುತ್ತಲಿನ ಗುಡ್ಡಗಳ ಅಣೆಕಟ್ಟಿನ ನೀರು. ಪಕ್ಕದ ರೆಮ್‌ಷೈಡ್‌ನಲ್ಲಿ ಕುಡಿಯುವ ನೀರಿಗಾಗಿಯೇ 1891ರಲ್ಲಿ ಅಣೆಕಟ್ಟು ಕಟ್ಟಿ ಮುಗಿಸಿದ್ದರು, ಜರ್ಮನಿಗೆ ಅದೇ ಮೊದಲನೆಯದು. ಆ ನೀರು ಎಷ್ಟು ಮೆದು ಅಂದರೆ ಚೂರು ಸೋಪಿಗೆ ಬಟ್ಟಲು ತುಂಬ ನೊರೆ. ಬ್ರಷ್ಷು ಕೊಳೆಯಾಗಲಿ ಅಂತ ಎರಡು ವಾರ ಕಾದೆ, ಆಗಲೇ ಇಲ್ಲ! ಕೊನೆಗೆ ಕ್ಯಾಲ್ಸಿಯಂ ಕ್ಲೋರೈಡ್ ಮತ್ತು ಎಪ್ಸಮ್ ಉಪ್ಪು ಬೆರೆಸಿ ಬಕೆಟ್ಟಿನಲ್ಲಿ ಗಡಸು ನೀರು ಮಾಡಿಕೊಂಡೆ. ಅದರ ಮೇಲೆ ‘ಚನ್ನಪಟ್ಟಣ ಬೋರ್‌ವೆಲ್’ ಅಂತ ಚೀಟಿ ಅಂಟಿಸಿದ್ದೇನೆ. ನಾಲ್ಕು ದಿನಕ್ಕೆ ಬ್ರಷ್ಷು ನಮ್ಮನೆಯದರ ಹಾಗೇ ಆಯ್ತು.

ಈಗ ಬಿಚ್ಚುವುದು ಹೇಗೆ ಅನ್ನುವ ಪ್ರಶ್ನೆ. ಮೊದಲು ಮರದಲ್ಲೇ ಥ್ರೆಡ್ ಕಡೆದು ತಿರುಪಿನ ಹಾಗೆ ಮಾಡಿದೆ. ಮರ ನೀರು ಕುಡಿದು ಊದಿ ಮೂರನೇ ದಿನಕ್ಕೆ ಕಚ್ಚಿಕೊಂಡಿತು. ನಿಮ್ಮ ಮಗಳಾಗಿ ಈ ತಪ್ಪು ಮಾಡಬಾರದಿತ್ತು, ಬಯ್ಯಬೇಡಿ. ಥ್ರೆಡ್ಡಿನ ಸಂದಿನಲ್ಲಿ ಸೋಪು ಕೂರುವುದು ಬೇರೆ. ಕೊಳೆ ತೆಗೆಯಲು ಹೋಗಿ ಕೊಳೆಗೆ ಹೊಸ ಮನೆ ಕಟ್ಟಿಕೊಟ್ಟ ಹಾಗಾಯ್ತು. ಆಮೇಲೆ ಅಯಸ್ಕಾಂತ. ಟಕ್ ಅಂತ ಕೂರುವ ಸದ್ದಿಗೆ ಕ್ಲಾಸೆಲ್ಲ ಮೆಚ್ಚಿತು. ತೊಳೆದು ನೀರು ಕೊಡವಿದಾಗ ಗಂಟು ಹಾರಿ ಕನ್ನಡಿಗೆ ಹೊಡೆಯಿತು. ತಿಂಗಳೊಳಗೆ ಅಯಸ್ಕಾಂತದ ನಿಕಲ್ ಸಿಪ್ಪೆ ಎದ್ದು ತುಕ್ಕು ಬೇರೆ.

ಮೂರನೆಯದು ಸಿಕ್ಕಿದ್ದು ನನ್ನ ರೂಮಿನ ಬಲ್ಬು ಹೋದಾಗ. ಇಲ್ಲಿ ಎಲ್ಲ ಕಡೆ ತಿರುಪಿನ ಬಲ್ಬು. ಕುರ್ಚಿ ಹತ್ತಿ ಅಭ್ಯಾಸಬಲದಿಂದ ಮೇಲಕ್ಕೆ ಒತ್ತಿ ಒಂಚೂರು ತಿರುಗಿಸಿದೆ, ಅದು ಬರಲಿಲ್ಲ. ನಮ್ಮನೆಯದು ಎರಡು ಪಿನ್ನಿನ ಬಲ್ಬಲ್ವಾ? ಒತ್ತಿ, ಕಾಲು ಸುತ್ತು ತಿರುಗಿಸಿದರೆ ಮುಗೀತು. ಕುರ್ಚಿಯ ಮೇಲೆ ನಿಂತುಕೊಂಡೇ ನಕ್ಕೆ. ಈಗ ಬ್ರಷ್ಷಿಗೆ ಎರಡು ಹಿತ್ತಾಳೆ ಬಳೆ ಇವೆ. ಹೊರಗಿನದು ಹಿಡಿಯೊಳಗೆ ಗಟ್ಟಿಯಾಗಿ ಕೂರುತ್ತದೆ, ಅದರಲ್ಲಿ ಎರಡು ಕೊಕ್ಕೆಯಂಥ ಸೀಳು. ಕೂದಲು ಹಿಡಿದ ಒಳಗಿನ ಬಳೆಗೆ ಎರಡು ಪಿನ್ನು. ಬಲ್ಬಿನಲ್ಲಿ ಸ್ಪ್ರಿಂಗ್ ಮಾಡುವ ಕೆಲಸವನ್ನು ಇಲ್ಲಿ ಸಿಲಿಕೋನ್ ಉಂಗುರ ಮಾಡುತ್ತದೆ. ಅಮ್ಮ, ಅದು ನಿನ್ನ ಕುಕ್ಕರ್ ಗ್ಯಾಸ್ಕೆಟ್ಟಿನ ಮರಿ.

ಇಷ್ಟಾದ ಮೇಲೆ ಮೇಷ್ಟ್ರಿಗೆ ತೋರಿಸಿದೆ. ಬಿಚ್ಚಿದರು, ಹಾಕಿದರು, ಮತ್ತೆ ಬಿಚ್ಚಿದರು. ‘ಚೆನ್ನಾಗಿದೆ. ಆದರೆ ನೀನೇ ಸೀಳಿ ತೋರಿಸಿದೆಯಲ್ಲ, ಕೊಳೆ ಇರುವುದು ಕೂದಲ ಬುಡದಲ್ಲಿ. ಹಿಡಿ ಬಿಚ್ಚಿದರೆ ಬುಡ ತೆರೆಯಿತಾ?’ ಅಂದರು. ನನ್ನ ಮುಖ ಇಂಗು ತಿಂದ ಮಂಗನ ಹಾಗಾಯ್ತು. ಹೌದಲ್ಲ. ಗಂಟು ಗಂಟಾಗಿಯೇ ಇದೆ. ಆ ರಾತ್ರಿ ಊಟ ಸೇರಲಿಲ್ಲ.

ಅಜ್ಜಿಯ ಚೌರಿ ನೆನಪಾದದ್ದು ಎರಡು ದಿನ ಬಿಟ್ಟು. ಕೂದಲನ್ನು ದಾರಕ್ಕೆ ಸಾಲಾಗಿ ಹೊಲಿದು ಆಮೇಲೆ ಸುತ್ತಿ ಸೇರಿಸಿರುತ್ತಾರಲ್ಲ? ನಾನೂ ಹಾಗೇ ಮಾಡಿದೆ. ಕೂದಲನ್ನು ಗಂಟು ಕಟ್ಟುವ ಬದಲು ಮೆತ್ತನೆಯ ಪ್ಲಾಸ್ಟಿಕ್ ಪಟ್ಟಿಗೆ ಸಾಲಾಗಿ ಕೂರಿಸಿ, ಪಟ್ಟಿಯನ್ನು ಚಾಪೆ ಸುತ್ತಿದ ಹಾಗೆ ಸುತ್ತಿ ಬಳೆಯೊಳಗೆ ಕೆಳಗಿನಿಂದ ತೂರಿಸುವುದು. ಪಟ್ಟಿಯ ಕೆಳಗಂಚು ಸ್ವಲ್ಪ ದಪ್ಪ, ಹಾಗಾಗಿ ಮೇಲಕ್ಕೆ ಕಿತ್ತು ಬರಲ್ಲ. ಪಟ್ಟಿ 2 ಮಿಲಿಮೀಟರ್ ದಪ್ಪ, ಸುತ್ತಿದ ಮೇಲೆ 22 ಮಿಲಿಮೀಟರ್ ಅಗಲ ಬೇಕು. ಲೆಕ್ಕ ಹಾಕಿದರೆ ಉದ್ದ 19 ಸೆಂಟಿಮೀಟರ್, ಒಂದು ಗೇಣಿಗೆ ಸ್ವಲ್ಪ ಕಡಿಮೆ. ಬಿಚ್ಚಿ ಹರಡಿದರೆ ಕೂದಲ ಬುಡವೆಲ್ಲ ಎದುರಿಗೇ ಕಾಣುತ್ತದೆ. ನಲ್ಲಿ ಕೆಳಗೆ ಹಿಡಿದು ಹೆಬ್ಬೆರಳಲ್ಲಿ ಉಜ್ಜಿದರೆ ಸಾಕು. ರಾತ್ರಿ ದಾರದ ಮೇಲೆ ನೇತುಹಾಕಿದರೆ ಬೆಳಿಗ್ಗೆಗೆ ಒಣಗಿರುತ್ತದೆ.

ಮೊದಲ ಪಟ್ಟಿ ಸುತ್ತಿದಾಗ ತಲೆ ಮಟ್ಟಸವಾಗಿ, ಬಣ್ಣ ಬಳಿಯುವ ಬ್ರಷ್ಷಿನ ಹಾಗಿತ್ತು. ಮೊಗ್ಗಿನಂತೆ ಗುಂಡಗಿರಬೇಕು ಅಂತ ಕತ್ತರಿಯಲ್ಲಿ ತುದಿ ಕತ್ತರಿಸಿದೆ. ಅದು ದೊಡ್ಡ ತಪ್ಪು. ಕೂದಲಿನ ತುದಿ ಚೂಪಾಗುತ್ತ ಹೋದರೆ ಮಾತ್ರ ಮುಖಕ್ಕೆ ಮೆತ್ತಗೆ, ಕತ್ತರಿಸಿದರೆ ಮೊಂಡಾಗಿ ಚುಚ್ಚುತ್ತದೆ. ಒಳ್ಳೆ ಬ್ರಷ್ಷು ಕಟ್ಟುವವರು ತುದಿಗೆ ಕತ್ತರಿ ತೋರಿಸುವುದೇ ಇಲ್ಲ. ಕೂದಲನ್ನು ತಲೆಕೆಳಗಾಗಿ ಬಟ್ಟಲಿನಂಥ ಅಚ್ಚಿಗೆ ಇಳಿಸಿ ಆಕಾರ ಬರಿಸುತ್ತಾರೆ. ನನಗೆ ಇದನ್ನು ಹೇಳಿದ್ದು ನಮ್ಮ ಮಹಡಿಯ ಅಜ್ಜ. ಜೀವಮಾನವೆಲ್ಲ ಕತ್ತಿಗೆ ಸಾಣೆ ಹಿಡಿದವರು, ಈಗಲೂ ಮಡಚುವ ಕತ್ತಿಯಲ್ಲೇ ಕೆರೆದುಕೊಳ್ಳುತ್ತಾರೆ. ನನ್ನ ಬ್ರಷ್ಷನ್ನು ಕೆನ್ನೆಗೆ ಒಂದು ಸಲ ಮುಟ್ಟಿಸಿ ‘ಮುಳ್ಳುಹಂದಿ’ ಅಂದು ವಾಪಸ್ ಕೊಟ್ಟರು. ಈಗ ಪಟ್ಟಿಯ ಒಂದು ತುದಿಯಲ್ಲಿ ಕೂದಲು ಎತ್ತರ, ಇನ್ನೊಂದು ತುದಿಯಲ್ಲಿ ಗಿಡ್ಡ. ಎತ್ತರದ ಕಡೆಯಿಂದ ಸುತ್ತಿದರೆ ಮೊಗ್ಗು ತಾನಾಗಿಯೇ ಬರುತ್ತದೆ. ಎರಡನೇ ಸಲ ಕೊಟ್ಟಾಗ ಅಜ್ಜ ಏನೂ ಹೇಳಲಿಲ್ಲ, ವಾಪಸ್ಸೂ ಕೊಟ್ಟಿಲ್ಲ.

ಅಮ್ಮ ಕೇಳುವ ಮೊದಲೇ ಹೇಳಿಬಿಡುತ್ತೇನೆ: ಕೂದಲು ನೈಲಾನ್ ಥರದ್ದು. ಇಲ್ಲಿ ದುಬಾರಿ ಬ್ರಷ್ಷಿಗೆ ಬ್ಯಾಜರ್ ಅನ್ನುವ ಪ್ರಾಣಿಯ ಕೂದಲು, ಅದು ಹೆಚ್ಚಾಗಿ ಚೀನಾದಿಂದ ಬರುತ್ತದೆ. ಅಗ್ಗದ್ದಕ್ಕೆ ಹಂದಿ ಕೂದಲು. ಅಪ್ಪನ ಕೆಂಪು ಬ್ರಷ್ಷಿನಲ್ಲಿ ಇದ್ದದ್ದು ಯಾವುದು ಅಂತ ನಾನು ಹೇಳಲ್ಲ, ಹೇಳಿದರೆ ಹಿತ್ತಲಿಗೆಲ್ಲ ಗಂಜಲ ಚಿಮುಕಿಸುತ್ತೀಯ. ಒಂದನೇ ಮಹಾಯುದ್ಧದ ಕಾಲದಲ್ಲಿ ಸರಿಯಾಗಿ ಶುದ್ಧ ಮಾಡದ ಕುದುರೆ ಕೂದಲಿನ ಬ್ರಷ್ಷಿನಿಂದ ಅಮೆರಿಕ, ಇಂಗ್ಲೆಂಡಿನಲ್ಲಿ ಸೈನಿಕರಿಗೂ ಊರವರಿಗೂ ಆಂಥ್ರಾಕ್ಸ್ ಬಂದಿತ್ತಂತೆ, 200ಕ್ಕೂ ಹೆಚ್ಚು ಜನಕ್ಕೆ. ನಮ್ಮ ಕಡೆ ದನಗಳಿಗೆ ಬರುವ ನೆರಡಿ ರೋಗ ಅದೇ. ಗಡ್ಡ ಕೆರೆಯುವಾಗ ಗಾಯ ಆಗೇ ಆಗುತ್ತದೆ, ಅದರ ಮೇಲೇ ಬ್ರಷ್ಷು ಆಡುತ್ತದಲ್ಲ. ಈಗ ಆ ಭಯ ಇಲ್ಲ, ಆದರೂ ಓದಿದ ದಿನ ಮೈ ಜುಮ್ ಅಂತು.

ಈಗ ಅಪ್ಪ, ನಿಮ್ಮ ಕೆಲಸ. ಹಿಡಿಗೆ ಇಲ್ಲಿ ಬೀಚ್ ಮರ ಕಡೆದು ನೋಡಿದೆ, ಕೈಯಲ್ಲಿ ಕೂರಲಿಲ್ಲ. ನನಗೆ ಹಾಲೆ ಮರದ್ದೇ ಬೇಕು. ಚೆನ್ನಾಗಿ ಒಣಗಿದ ತುಂಡಿನಲ್ಲಿ ಎರಡು ಹಿಡಿ ಕಡೆದು ಕೊಡಿ. ಎತ್ತರ 58 ಮಿಲಿಮೀಟರ್, ಮೇಲ್ಭಾಗದ ಅಗಲ 36. ಸೊಂಟ ಎಷ್ಟು ಸಣ್ಣ ಇರಬೇಕು ಅನ್ನುವುದಕ್ಕೆ ರಟ್ಟಿನ ಅಂಚು ಹಿಡಿದು ನೋಡಿ. ಮೇಲೆ 28 ಮಿಲಿಮೀಟರ್ ಅಗಲ, 15 ಆಳದ ಗುಂಡಿ. ಅಲ್ಲಿಂದ ಕೆಳಗಿನ ತನಕ 6 ಮಿಲಿಮೀಟರ್ ತೂತು, ನೀರು ನಿಲ್ಲಬಾರದು. ಬಳೆಗಳನ್ನು ನಾನು ಇಲ್ಲೇ ಮಾಡಿದ್ದೇನೆ.

ಬಣ್ಣದ ವಿಷಯ ನಿಮಗೇ ಬಿಟ್ಟದ್ದು. ಅರಗು ಹಚ್ಚಿ ತಾಳೆಗರಿ ಒತ್ತಿ ಹೊಳಪು ಕೊಟ್ಟರೆ ಅದರ ಮುಂದೆ ಇಲ್ಲಿನ ಯಾವ ಪಾಲಿಶ್ಶೂ ನಿಲ್ಲಲ್ಲ. ಆದರೆ ದಿನಾ ಬಿಸಿನೀರು ಬಿದ್ದರೆ ಬೆಳ್ಳಗಾಗುತ್ತದೆ ಅಂತ ಭಯ. ಹೊರಗೆ ಮಾತ್ರ ಅರಗು, ಗುಂಡಿಗೆ ಎಣ್ಣೆ, ಹೀಗೆ ಮಾಡಬಹುದಾ? ಇಲ್ಲ ಒಂದಕ್ಕೆ ಅರಗು, ಇನ್ನೊಂದಕ್ಕೆ ಬರೀ ಎಣ್ಣೆ ಮಾಡಿ ಕಳಿಸಿ, ನನ್ನ ಬೋರ್‌ವೆಲ್ ಬಕೆಟ್ಟಿನಲ್ಲಿ ಎರಡನ್ನೂ ಮುಳುಗಿಸಿ ನೋಡುತ್ತೇನೆ. ಜನವರಿ ಕೊನೆಗೆ ತೋರಿಸಬೇಕು, ಅವಸರ ಮಾಡಬೇಡಿ, ಆದರೆ ಮರೆಯಲೂಬೇಡಿ.

ಇನ್ನೊಂದು. ಆ ಕೆಂಪು ಹಿಡಿ ಇನ್ನೂ ಲೇತಿನ ಪಕ್ಕದ ಡಬ್ಬಿಯಲ್ಲಿ ಇರಬೇಕು, ಅಮ್ಮ ಎಸೆದಿರದಿದ್ದರೆ. ಗುಂಡಿಯ ಒಳಗಿನ ಫೋಟೋ ತೆಗೆದು ಕಳಿಸಿ. ಕೊನೇ ಸಲ ಅಂಟಿಸಿದ ಅರಗು ಹಸಿರು ಅಂತ ನನಗೆ ನೆನಪು, ಹಳದಿ ಅಂತ ಅಮ್ಮನ ವಾದ.

ನಿಮ್ಮ ಮಗಳು