ಹೆಬ್ಬೆರಳು ಸುತ್ತಬೇಡ

ಮಗಳೇ,

ಇಂಗ್ಲೆಂಡಿನಲ್ಲಿ ಹಳೇ ವಿಮಾನ ರಿಪೇರಿ ಮಾಡೋ ನಿನ್ನ ಕೆಲಸದ ಬಗ್ಗೆ ನಿನ್ನೆ ರಾತ್ರಿ ಆದ ಜಗಳ ಮುಂದುವರಿಸಲು ಇದನ್ನು ಬರೆಯುತ್ತಿಲ್ಲ. ಹಾಗಂತ ನಿಮ್ಮಮ್ಮ ನನ್ನಿಂದ ಮಾತು ತೆಗೆದುಕೊಂಡಿದ್ದಾಳೆ. ನೀನು ಒಳಗೆ ಬಾಗಿಲು ಹಾಕಿಕೊಂಡು ಬಟ್ಟೆ ಜೋಡಿಸುತ್ತಿದ್ದೀಯ, ನಾನು ಅಡುಗೆಮನೆಯಲ್ಲಿ ಕೂತಿದ್ದೇನೆ. ಎದುರಾಬದುರು ಕೂತರೆ ಇಬ್ಬರದೂ ದನಿ ಏರುತ್ತದೆ. ಅದಕ್ಕೇ ಈ ಕಾಗದ. ವಿಮಾನ ಹತ್ತಿದ ಮೇಲೆ ಓದು, ಆಗ ಬಾಗಿಲು ಬಡಿಯೋಕೆ ಆಗಲ್ಲ.

ಮೊದಲು ಬಾಕಿ ತೀರಿಸಿಬಿಡುತ್ತೇನೆ. "ಮ್ಯೂಸಿಯಂ ಸಾಮಾನಿನ ಧೂಳು ಒರೆಸೋಕೆ ಇಷ್ಟು ಓದಿಸಬೇಕಿತ್ತಾ" ಅಂದೆನಲ್ಲ, ಅದಕ್ಕೆ ಸಾರಿ. ಸಂಬಳದ ಬಗ್ಗೆ ಹೇಳಿದ್ದನ್ನು ಮಾತ್ರ ವಾಪಸ್ ತೆಗೆದುಕೊಳ್ಳುವುದಿಲ್ಲ. ಇಲ್ಲಿಯ ಏರ್‌ಲೈನ್ ಕೊಡುತ್ತೇನೆ ಅಂದದ್ದು ಎಷ್ಟು, ಆ ವರ್ಕ್‌ಶಾಪಿನವರು ಕೊಡುವುದು ಎಷ್ಟು, ಅದರಲ್ಲಿ ಇಂಗ್ಲೆಂಡಿನ ಬಾಡಿಗೆ ಎಷ್ಟು, ಕಳೆದು ನೋಡು. ಏರ್‌ಲೈನಿನದ್ದು ಮುಂಬೈನ ಈ ಪಾರ್ಲಾದ ಮನೆಯಿಂದ ಆಟೋದಲ್ಲಿ ಹೋಗಿ ಬರಬಹುದಾದ ಕೆಲಸ. ಹೋಗಲಿ ಬಿಡು. ಜಗಳದ ಕಾಗದ ಅಲ್ಲ ಅಂದೆನಲ್ಲ.

ನನಗೆ ರಾತ್ರಿ ನಿದ್ದೆ ಬರದೇ ಇದ್ದದ್ದು ಸಂಬಳಕ್ಕಲ್ಲ. ಊಟದ ನಡುವೆ ನೀನು ಸುಮ್ನೆ ಅಂದುಬಿಟ್ಟೆ, "ಅಲ್ಲಿ ಪ್ರಾಪ್ ಸ್ವಿಂಗ್ ಮಾಡೋದೂ ಕಲಿಸ್ತಾರೆ ಅಪ್ಪಾ" ಅಂತ. ಅಮ್ಮನಿಗೆ ಅದು ಏನೂಂತ ಗೊತ್ತಾಗಲಿಲ್ಲ. ಇನ್ನೊಂದು ರೊಟ್ಟಿ ಬೇಕಾ ಅಂತ ಕೇಳಿದಳು. ನನಗೆ ಗೊತ್ತಾಯಿತು: ವಿಮಾನದ ಮುಂದೆ ನಿಂತು ಪ್ರೊಪೆಲ್ಲರನ್ನು ಕೈಯಿಂದ ಎಳೆದು ಇಂಜಿನ್ ಸ್ಟಾರ್ಟ್ ಮಾಡೋದು.

ನೀನು ನಮ್ಮನ್ನು ಇಂಗ್ಲೆಂಡಿನ ಓಲ್ಡ್ ವಾರ್ಡನ್‌ಗೆ, ಆ ಹಳೇ ವಿಮಾನಗಳ ಮ್ಯೂಸಿಯಂಗೆ ಕರೆದುಕೊಂಡು ಹೋದ ದಿನವನ್ನು ನಿನಗೆ ಮತ್ತೆ ಹೇಳಬೇಕಾಗಿಲ್ಲ. ಅಮ್ಮನ ಛತ್ರಿ, ಬುತ್ತಿಯ ಶೇಂಗಾ ಚಟ್ನಿಪುಡಿ, ಪಕ್ಕದ ಅಜ್ಜನ ನಾಯಿ, ಎಲ್ಲ ನಿನಗೂ ನೆನಪಿದೆ. ಆ ಮಾತ್ ವಿಮಾನದ ವಿಷಯ ಮಾತ್ರ ಬರೆಯುತ್ತೇನೆ. 1928ರ ಡಿ ಹ್ಯಾವಿಲ್ಯಾಂಡ್ ಕಂಪನಿಯ ಮಾತ್. ಅಲ್ಲಿಯ ಸಂಗ್ರಹ ಶುರು ಮಾಡಿದ ರಿಚರ್ಡ್ ಶಟಲ್‌ವರ್ತ್ 1932ರಲ್ಲಿ ಕೊಂಡ ಮೊದಲ ವಿಮಾನ ಅದೇ ಅಂತ ನೀನೇ ಹೇಳಿದ್ದೆ. ಅವತ್ತಿನಿಂದ ಅದು ಆ ಹುಲ್ಲಿನ ಮೈದಾನ ಬಿಟ್ಟು ಬೇರೆ ಮನೆ ಕಂಡಿಲ್ಲ ಅಂತಲೂ ಹೇಳಿದ್ದೆ. ನೀನು ಅದರ ರೆಕ್ಕೆಯ ಬಟ್ಟೆ, ತಂತಿ, ಹೊಲಿಗೆ ತೋರಿಸುತ್ತಿದ್ದೆ. ನಾನು ನೋಡುತ್ತಿದ್ದದ್ದು ಮುಂದೆ ನಿಂತಿದ್ದ ಓವರಾಲ್ ಹುಡುಗಿಯನ್ನು.

ನಿನಗಿಂತ ಚಿಕ್ಕವಳೇ ಇರಬೇಕು. ಮೊದಲು ಬೂಟಿನಿಂದ ಹುಲ್ಲು ಒತ್ತಿ ನೋಡಿದಳು, ಒದ್ದೆ ಇದೆಯಾ ಅಂತ. ಚಕ್ರದ ಮುಂದಿನ ಮರದ ತುಂಡು ಸರಿಯಾಗಿ ಕೂತಿದೆಯಾ ಅಂತ ಒದ್ದು ನೋಡಿದಳು. ಆಮೇಲೆ ಒಳಗೆ ಕೂತವರ ಜೊತೆ ಕೂಗಾಟ. "ಸ್ವಿಚಸ್ ಆಫ್" ಅಂತ ಇವಳು, "ಸ್ವಿಚಸ್ ಆಫ್" ಅಂತ ಅವರು. ಇಂಜಿನ್ನಿಗೆ ಪೆಟ್ರೋಲು ಎಳೆಯಲು ಪ್ರೊಪೆಲ್ಲರನ್ನು ಮೆಲ್ಲಗೆ ಸುತ್ತಿಸಿದಳು. ಕೊನೆಗೆ "ಕಾಂಟ್ಯಾಕ್ಟ್" ಅಂದಳು, ಅವರೂ "ಕಾಂಟ್ಯಾಕ್ಟ್" ಅಂದರು. ಅಂಗೈ ಚಪ್ಪಟೆಯಾಗಿ ಇಟ್ಟು, ಎಳೆದು, ಎಳೆದ ಅದೇ ಜೋರಿನಲ್ಲಿ ಹಿಂದಕ್ಕೆ ಸರಿದಳು. ಇಂಜಿನ್ ಹಿಡಿಯಿತು. ಎಲ್ಲರೂ ಚಪ್ಪಾಳೆ ಹೊಡೆದರು. ನಾನು ಹೊಡೆಯಲಿಲ್ಲ. ಅವಳ ಬೆರಳು ಎಣಿಸುತ್ತಿದ್ದೆ.

ಬಳ್ಳಾರಿ ಗ್ಯಾರೇಜಿನ ಉಸ್ತಾದರ ವಿಷಯ ನಿನಗೆ ಅರ್ಧ ಮಾತ್ರ ಗೊತ್ತು. ನಾನು ಅವರ ಹತ್ತಿರ ಸೇರಿದಾಗ ಇನ್ನೂ ಮೀಸೆ ಬಂದಿರಲಿಲ್ಲ. ಹಳೇ ಪೆಟ್ರೋಲ್ ಲಾರಿಗಳಿಗೆ ಮುಂದಿನಿಂದ ಹ್ಯಾಂಡಲ್ ಹಾಕಿ ಸ್ಟಾರ್ಟ್ ಮಾಡಬೇಕಿತ್ತು. ಸ್ಪ್ಯಾನರ್ ಹಿಡಿಯೋದಕ್ಕೂ ಮುಂಚೆ ಅವರು ಕಲಿಸಿದ್ದು ಒಂದೇ ಪಾಠ: ಹೆಬ್ಬೆರಳು ಹ್ಯಾಂಡಲ್ಲಿಗೆ ಸುತ್ತಬೇಡ. ಐದೂ ಬೆರಳು ಒಂದೇ ಕಡೆ ಇರಲಿ. ಕೆಳಗಿನಿಂದ ಮೇಲಕ್ಕೆ ಎಳಿ, ಮೇಲಿನಿಂದ ಒತ್ತಬೇಡ. ಕಿಡಿ ಬೇಗ ಹತ್ತಿದರೆ ಇಂಜಿನ್ ಉಲ್ಟಾ ಒದೆಯುತ್ತದೆ. ಹೆಬ್ಬೆರಳು ಸುತ್ತಿದ್ದರೆ ಕೈ ಬಿಡಿಸಿಕೊಳ್ಳೋಕೆ ಆಗಲ್ಲ. ಯಾರಾದರೂ ಹುಡುಗ ಮರೆತರೆ ತಲೆಗೆ ಮೊಟಕುತ್ತಿದ್ದರು.

ಅಂಥವರೇ ಒಂದು ಬೆಳಗಿನ ಜಾವ ಮರೆತರು. ಲಾರಿ ಮಾಲೀಕ ಹೊಸಪೇಟೆಗೆ ಹೊರಡಬೇಕು ಅಂತ ತಲೆ ತಿನ್ನುತ್ತಿದ್ದ. ಟಾರ್ಚ್ ಹಿಡಿದಿದ್ದವನು ನಾನು. ಟಕ್ ಅಂತ ಒಂದು ಸದ್ದು, ಜೋರೇನಲ್ಲ. ಉಸ್ತಾದರು ಕೂಗಲಿಲ್ಲ, ನೆಲದ ಮೇಲೆ ಕೂತುಬಿಟ್ಟರು. ಮಣಿಕಟ್ಟು ಇರಬಾರದ ಕಡೆ ತಿರುಗಿತ್ತು. "ಟಾರ್ಚ್ ಆರಿಸು, ಸೆಲ್ ದಂಡ ಆಗತ್ತೆ" ಅಂದರು. ಮೂಳೆ ಕೂಡಿತು. ಆದರೆ ಆ ಕೈಯಲ್ಲಿ ದೊಡ್ಡ ಸ್ಪ್ಯಾನರ್ ಮತ್ತೆ ಹಿಡಿಯಲಿಲ್ಲ. ಗ್ಯಾರೇಜಿನ ಮುಂದೆ ಸ್ಟೂಲ್ ಹಾಕಿಕೊಂಡು ಕೂತು ನಮಗೆ ಹೇಳಿ ಹೇಳಿ ಮಾಡಿಸುತ್ತಿದ್ದರು.

ಅದು ಬರೀ ಹ್ಯಾಂಡಲ್. ಇದು ಪ್ರೊಪೆಲ್ಲರ್. ಅಲ್ಲಿ ಮಣಿಕಟ್ಟು ಹೋಯಿತು, ಇಲ್ಲಿ ಏನು ಹೋಗುತ್ತದೆ ಅಂತ ನಾನು ಬರೆಯುವುದಿಲ್ಲ.

ನನಗಿಂತ ಜಾಸ್ತಿ ಓದಿದವಳು ನೀನು, ಆದರೂ ಹೇಳುತ್ತೇನೆ. ಮನೆಯ ಸ್ವಿಚ್ ಆಫ್ ಮಾಡಿದರೆ ಕರೆಂಟಿನ ದಾರಿ ಕಡಿಯುತ್ತದೆ. ಈ ಇಂಜಿನ್ನಿಗೆ ಕಿಡಿ ಕೊಡುವ ಮ್ಯಾಗ್ನೆಟೋದ್ದು ಉಲ್ಟಾ. ಅದಕ್ಕೆ ಬ್ಯಾಟರಿ ಬೇಡ, ತಿರುಗಿದರೆ ತಾನೇ ಕಿಡಿ ಹುಟ್ಟಿಸುತ್ತದೆ. ಸ್ವಿಚ್ ಆಫ್ ಅಂದರೆ ಆ ಕರೆಂಟನ್ನು ಒಂದು ತಂತಿಯಲ್ಲಿ ಇಂಜಿನ್ನಿನ ಮೈಗೆ ಇಳಿಸಿಬಿಡುವುದು, ಅಷ್ಟೇ. ಆ ತಂತಿ ಎಲ್ಲೋ ಒಂದು ಕಡೆ ತುಂಡಾಗಿದ್ದರೆ ಸ್ವಿಚ್ ಆಫ್ ಇದ್ದರೂ ಇಂಜಿನ್ನಿಗೆ ಜೀವ ಇರುತ್ತದೆ. ಒಳಗೆ ಕೂತವನು "ಆಫ್" ಅಂತ ಕೂಗಿದ್ದು ಸುಳ್ಳಲ್ಲ, ಆದರೂ ಅದು ನಿಜ ಅಲ್ಲ. ಇಂಜಿನ್ ಬಿಸಿ ಇದ್ದರಂತೂ ಸುಮ್ನೆ ಒಂದು ಸಲ ಕೈಯಲ್ಲಿ ತಿರುಗಿಸಿದರೂ ಹತ್ತಿಕೊಳ್ಳಬಹುದು. ಒರೆಸುವಾಗ, ಫೋಟೋಗೆ ನಿಲ್ಲುವಾಗ, ಪ್ರೊಪೆಲ್ಲರ್ ಮೇಲೆ ಕೈ ಇಡಬೇಡ. ಅಲ್ಲಿ ನೀನು ಮಾತ್ ಮುಂದೆ ನಿಂತು ತೆಗೆಸಿಕೊಂಡ ಫೋಟೋ ಇದೆಯಲ್ಲ, ನಾನೇ ಫ್ರೇಮ್ ಹಾಕಿಸಿದ್ದು, ಅದರಲ್ಲಿ ನಿನ್ನ ಕೈ ಎಲ್ಲಿದೆ ನೋಡು.

ದುಪಟ್ಟಾ, ಮಫ್ಲರ್, ಬಿಟ್ಟ ಕೂದಲು ಬೇಡ. ಉಂಗುರ ಬೇಡ, ಅಮ್ಮ ಏನೇ ಅಂದುಕೊಳ್ಳಲಿ. ಅಲ್ಲಿ ಬೆಳಗಾದರೆ ಹುಲ್ಲು ಒದ್ದೆ, ಕಾಲು ಜಾರಿದರೆ ಮುಂದಕ್ಕೇ ಬೀಳುತ್ತೀಯ. ಬೆರಳು ಅಂಚಿನ ಹಿಂದಕ್ಕೆ ಮಡಚಬೇಡ. ಮೊದಲ ಸಲಕ್ಕೆ ಹತ್ತದಿದ್ದರೆ ಸಿಟ್ಟು ಮಾಡಿಕೊಂಡು ಎರಡನೇ ಸಲ ಹತ್ತಿರ ಹೋಗಬೇಡ. ನಿನಗೆ ಸಿಟ್ಟು ಬೇಗ ಬರುತ್ತದೆ. ಎಲ್ಲಿಂದ ಬಂತು ಅಂತ ಅಮ್ಮ ಹೇಳುತ್ತಿರುತ್ತಾಳೆ.

ನೋಡು, ಪಾಠ ಮಾಡಲ್ಲ ಅಂದುಕೊಂಡೇ ಕೂತಿದ್ದೆ.

ಅಲ್ಲಿ ನನಗೆ ಹಿಡಿಸಿದ್ದೂ ಇದೆ. ಬ್ಲೇರಿಯೋ ಅನ್ನೋ ವಿಮಾನ ಅವತ್ತು ಹೊರಗೆ ಬರಲೇ ಇಲ್ಲ, ಗಾಳಿ ಇದೆ ಅಂತ. ನನಗೆ ಕೆನ್ನೆಗೆ ತಾಗುವಷ್ಟೂ ಗಾಳಿ ಕಾಣಲಿಲ್ಲ. ಜುಹೂ ಬೀಚಿನಲ್ಲಿ ನಡೆದವನಿಗೆ ಅದೊಂದು ಗಾಳಿಯಾ? ಅಷ್ಟು ಜನ ಟಿಕೆಟ್ ಕೊಟ್ಟು ಕುರ್ಚಿ ಹಾಕಿಕೊಂಡು ಕೂತಿದ್ದರು, ಆದರೂ ಇವತ್ತು ಇಲ್ಲ ಅಂದರು. ಯಾರೂ ಗಲಾಟೆ ಮಾಡಲಿಲ್ಲ. ಹ್ಯಾಂಗರಿನೊಳಗೇ ನೋಡಿದೆವು. 1909ರ ವಿಮಾನ, ಮೂರು ಸಿಲಿಂಡರಿನ ಅನ್ಜಾನಿ ಇಂಜಿನ್, ಬರೀ 25 ಹಾರ್ಸ್‌ಪವರ್. ಗಾಳಿಪಟಕ್ಕೆ ಸೈಕಲ್ ಚಕ್ರ ಕಟ್ಟಿದ ಹಾಗಿತ್ತು. ಅದನ್ನು ಮಾಡಿದ ಬ್ಲೇರಿಯೋ ಅದೇ ಮಾದರಿಯಲ್ಲಿ ಅದೇ ವರ್ಷದ ಜುಲೈ 25ರಂದು ಇಂಗ್ಲಿಷ್ ಕಾಲುವೆ ದಾಟಿದನಂತೆ, ಮೂವತ್ತಾರು ನಿಮಿಷದಲ್ಲಿ. ಈಗ ಗಾಳಿ ಪೂರ್ತಿ ನಿಂತ ಸಂಜೆ ಮಾತ್ರ, ಮೈದಾನದ ಉದ್ದಕ್ಕೂ ಒಂದು ನೆಗೆತ, ಅಷ್ಟಕ್ಕೆ ಸಾಕು ಅನ್ನುತ್ತಾರೆ. ಇಂಥವರ ಹತ್ತಿರ ಕಲಿತರೆ ಪರವಾಗಿಲ್ಲ ಅಂತ ಅನ್ನಿಸಿತ್ತು. ಅವತ್ತೇ ನಿನಗೆ ಹೇಳಬಹುದಿತ್ತು. ಹೇಳಿದ್ದರೆ ನೀನು ಅವತ್ತೇ ಅರ್ಜಿ ಹಾಕಿರುತ್ತಿದ್ದೆ.

ಅಲ್ಲಿ ನೀನು ಬೇಗ ಬೇಗ ದಾಟಿಸಿದ ಒಂದು ವಿಷಯ ನಾನು ಮನೆಗೆ ಬಂದು ಓದಿದೆ. ರಿಚರ್ಡ್ ಹುಟ್ಟಿದ್ದು 1909ರ ಅದೇ ಜುಲೈನಲ್ಲಿ. 1940ರ ಆಗಸ್ಟಿನಲ್ಲಿ, ಯುದ್ಧಕ್ಕೆ ತರಬೇತಿ ಮಾಡುವಾಗ ವಿಮಾನ ಬಿದ್ದು ತೀರಿಕೊಂಡ. 31 ವರ್ಷ. ಒಬ್ಬನೇ ಮಗ. ತಾಯಿ ಡೊರೊತಿ ನಾಲ್ಕು ವರ್ಷಕ್ಕೆ ಮಗನ ನೆನಪಿಗೆ ಟ್ರಸ್ಟ್ ಮಾಡಿದಳು, ಅದರಿಂದಲೇ ಅವನ ವಿಮಾನಗಳು ಉಳಿದವು. ಆ ಹೆಂಗಸಿನ ಬಗ್ಗೆ ತುಂಬ ಯೋಚಿಸಿದ್ದೇನೆ. ಮಗನನ್ನು ತೆಗೆದುಕೊಂಡು ಹೋದದ್ದು ವಿಮಾನವೇ ಅಲ್ವಾ? ಗುಜರಿಗೆ ಹಾಕಿಸಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಅವನು ಕೊಂಡ ಮಾತ್ ಈಗಲೂ ಹಾರುತ್ತಿದೆ. ನನ್ನ ಕೈಯಲ್ಲಿ ಅಷ್ಟು ದೊಡ್ಡ ಕೆಲಸ ಆಗುತ್ತಿರಲಿಲ್ಲ ಮಗಳೇ, ನನಗೆ ಅಂಥ ಕೆಲಸ ಹಚ್ಚಬೇಡ.

ಇದನ್ನು ಓದಿ ಅಪ್ಪನಿಗೆ ಹೆದರಿಕೆ ಬಿಟ್ಟು ಬೇರೇನೂ ಇಲ್ಲ ಅಂದುಕೊಳ್ಳಬೇಡ. ಮಾಟುಂಗಾದಲ್ಲಿ ಕಾಫಿಪುಡಿ ತರಲು ಹೋದರೂ ಅಂಗಡಿಯವನಿಗೆ ನಿನ್ನ ಫೋಟೋ ತೋರಿಸುತ್ತೇನೆ. ಅವನು ಈಗ ನಾನು ಫೋನ್ ತೆಗೆದರೆ ಸಾಕು, ಚಿಲ್ಲರೆ ಎಣಿಸೋಕೆ ಶುರು ಮಾಡುತ್ತಾನೆ. ಜೆ.ಆರ್.ಡಿ. ಟಾಟಾ 1932ರ ಅಕ್ಟೋಬರ್ 15ರಂದು ಕರಾಚಿಯಿಂದ ಟಪಾಲು ತಂದು ಇಳಿದದ್ದು ನಮ್ಮ ಮನೆ ಹತ್ತಿರದ ಇದೇ ಜುಹೂನಲ್ಲಿ. ಅದೂ ಡಿ ಹ್ಯಾವಿಲ್ಯಾಂಡೇ, ಪುಸ್ ಮಾತ್. ಅಲ್ಲಿಂದ ಮುಂದೆ ಮದ್ರಾಸಿಗೆ ಒಯ್ದವನು ಟಾಟಾ ಜೊತೆಗಾರ ವಿನ್ಸೆಂಟ್, ನಮ್ಮ ಬಳ್ಳಾರಿ ಮೇಲೆ ಹಾಯ್ದು, ಅಲ್ಲಿ ಇಳಿದು. ನನ್ನ ಅಜ್ಜ ಟಪಾಲಿನ ವಿಮಾನ ನೋಡಿದೆ ಅಂತ ಸಾಯುವ ತನಕ ಹೇಳುತ್ತಿದ್ದ. ಯಾವ ವರ್ಷದ್ದು ನೋಡಿದನೋ, ನೋಡಿದನೋ ಇಲ್ಲವೋ, ಕೇಳಿದರೆ ಬೈಯುತ್ತಿದ್ದ. ಅವನ ಮರಿಮಗಳು ಅದೇ ಕಂಪನಿಯ ವಿಮಾನ ಬಿಚ್ಚಿ ಕಟ್ಟುತ್ತಾಳೆ ಅಂದರೆ ಬಳ್ಳಾರಿ ಪೂರ್ತಿ ಸಾರಿಕೊಂಡು ಬರುತ್ತಿದ್ದ. ಸಂಬಳ ಎಷ್ಟು ಅಂತ ಅವನೂ ಕೇಳುತ್ತಿದ್ದ ಅನ್ನು.

ಬ್ಯಾಗು 23 ಕಿಲೋ ದಾಟಿದರೆ ಪುಸ್ತಕ ತೆಗೆ, ಚಟ್ನಿಪುಡಿ ತೆಗೆಯಬೇಡ. ದುಡ್ಡಿಗೆ ಮುಜುಗರ ಬೇಡ, ತಿಂಗಳ ಕೊನೆಗೆ ಬಾಯಿಬಿಟ್ಟು ಕೇಳು.

ಇನ್ನೊಂದು. ಆವ್ರೋ 504 ವಿಮಾನ ಸ್ಟಾರ್ಟ್ ಮಾಡಲು ಅಲ್ಲಿ ಒಂದು ಗಾಡಿ ತಂದರಲ್ಲ, ಹಕ್ಸ್ ಸ್ಟಾರ್ಟರ್. ಫೋರ್ಡ್ ಮಾಡೆಲ್ ಟಿ ಗಾಡಿಯ ಮೇಲೆ ಉದ್ದ ಶಾಫ್ಟು, ಕೆಳಗೆ ಚೈನು. ಶಾಫ್ಟಿನ ತುದಿಯನ್ನು ಪ್ರೊಪೆಲ್ಲರ್ ನಡುವಿನ ಕೊಕ್ಕೆಗೆ ಸಿಕ್ಕಿಸಿ ಗಾಡಿಯ ಇಂಜಿನ್ನಿನಿಂದಲೇ ತಿರುಗಿಸುತ್ತಾರೆ. ವಿಮಾನದ ಇಂಜಿನ್ ಹಿಡಿದು ಜೋರಾದ ಕೂಡಲೇ ಶಾಫ್ಟು ತಾನೇ ಬಿಟ್ಟುಕೊಳ್ಳುತ್ತದೆ, ಗಾಡಿ ರಿವರ್ಸ್ ಹೋಗುತ್ತದೆ. ಒಬ್ಬರ ಬೆರಳೂ ಹತ್ತಿರ ಇಲ್ಲ. ವಿಮಾನದ ಇಂಜಿನ್ನಿನ ಹರಳೆಣ್ಣೆ ಹೊಗೆಗೆ ನೀವೆಲ್ಲ ಮೂಗು ಮುಚ್ಚಿಕೊಂಡಿರಿ, ನಾನು ಅದರ ಚೈನ್ ನೋಡುತ್ತಾ ನಿಂತಿದ್ದೆ. ನೂರು ವರ್ಷದ ಹಿಂದಿನವರಿಗೇ ಇಷ್ಟು ಬುದ್ಧಿ ಇತ್ತು. ನಿನ್ನ ವರ್ಕ್‌ಶಾಪಿನಲ್ಲಿ ಅಂಥದ್ದು ಇದೆಯಾ? ಸೇರಿದ ವಾರವೇ ಕೇಳಿ ಫೋನ್ ಮಾಡು. ಇಲ್ಲ ಅಂದರೆ ಅಳತೆ ತೆಗೆದು ಕಳಿಸು. ಅಂಧೇರಿಯಲ್ಲಿ ನನಗೆ ಗೊತ್ತಿರುವ ಲೇತಿನವನು ಇದ್ದಾನೆ, ಶಾಫ್ಟ್ ಇಲ್ಲೇ ಮಾಡಿಸುತ್ತೇನೆ.

ನಿನ್ನ
ಅಪ್ಪ