ಮಗಳಿಗೊಂದು ಪತ್ರ: ಮಲೈಕೋಟೆಯ ಮೆಟ್ಟಿಲ ಮೇಲೆ

ಪುಟ್ಟಿ,

ನಿನ್ನೆ ಫೋನಿನಲ್ಲಿ ಕೂಗಾಡಿದ್ದು ನನ್ನದೇ ತಪ್ಪು. "ಬಾಣಂತನಕ್ಕೂ ಬರದಿದ್ದರೆ ತವರುಮನೆ ಅಂತ ಇದ್ದು ಏನು ಪ್ರಯೋಜನ" ಅಂದುಬಿಟ್ಟೆ. ನೀನು ಮೆಲ್ಲಗೆ "ಅಲ್ಲಿ ಯಾರಿದ್ದಾರೆ ಅಪ್ಪಾ" ಅಂದೆ. ಅದನ್ನ ಇಲ್ಲಿ ಬರೆಯುವುದಿಲ್ಲ. ನಿನಗೂ ಗೊತ್ತು, ನನಗೂ ಗೊತ್ತು.

ರಾತ್ರಿಯೆಲ್ಲ ನಿಮ್ಮ ತಿರುಚ್ಚಿಯ ಮಲೈಕೋಟೆ, ಆ ಬಂಡೆ ಮೇಲಿನ ಕೋಟೆಯೇ ಕಣ್ಣ ಮುಂದೆ. ಅವತ್ತು ಕೆಳಗೆ ಮಾಣಿಕ್ಕ ವಿನಾಯಕನಿಗೆ ಕೈಮುಗಿದು ಹತ್ತಲು ಶುರು ಮಾಡಿದೆವಲ್ಲ. ನಾನೂರಕ್ಕೂ ಜಾಸ್ತಿ ಮೆಟ್ಟಿಲು. ನಾನು ಮುಂದೆ, ನೀನು ಹಿಂದೆ, ನನ್ನ ಬಾಯಿಗೆ ಬಿಡುವೇ ಇಲ್ಲ. ನಮ್ಮ ಮೈಸೂರಿನ ಸರ್ವಾಧಿಕಾರಿ ನಂಜರಾಜಯ್ಯನ ಕಥೆ ಹೇಳುತ್ತಿದ್ದೆ. ಆರ್ಕಾಟಿನ ನವಾಬಗಿರಿಗೆ ಮಹಮ್ಮದ್ ಅಲಿಗೂ ಚಂದಾ ಸಾಹೇಬನಿಗೂ ಜಗಳ. ಕೋಟೆಯೊಳಗೆ ಸಿಕ್ಕಿಕೊಂಡ ಮಹಮ್ಮದ್ ಅಲಿ, ಚಂದಾ ಸಾಹೇಬನ ಕೈಯಿಂದ ಉಳಿಸಿದರೆ ತಿರುಚಿರಾಪಳ್ಳಿಯನ್ನೇ ಕೊಡುತ್ತೇನೆ ಅಂತ ನಂಜರಾಜಯ್ಯನಿಗೆ ಮಾತು ಕೊಟ್ಟ. 1752ರಲ್ಲಿ ಚಂದಾ ಸಾಹೇಬ ಸತ್ತ, ಮಹಮ್ಮದ್ ಅಲಿ ಮಾತು ತಪ್ಪಿದ. ನಂಜರಾಜಯ್ಯ ಶ್ರೀರಂಗದಲ್ಲಿ ಸೈನ್ಯ ಇಟ್ಟುಕೊಂಡು ಕಾದು ಕಾದು, ಬೊಕ್ಕಸ ಬರಿದು ಮಾಡಿಕೊಂಡು, 1755ರಲ್ಲಿ ಬರಿಗೈಲಿ ವಾಪಸ್ ಬಂದ. "ನೋಡಿದೆಯಾ, ಕೊಟ್ಟ ಮಾತು ಅಂದ್ರೆ" ಅಂತ ತಿರುಗಿದರೆ ನೀನಿಲ್ಲ.

ಎಷ್ಟು ಮೆಟ್ಟಿಲು ಒಬ್ಬನೇ ಹತ್ತಿದ್ದೆನೋ. ಕೆಳಗಿಳಿದು ಬಂದರೆ ನೀನು ಬಂಡೆಗೆ ಒರಗಿ ಕೂತಿದ್ದೆ. ಸೊಂಟದ ಮೇಲೆ ಕೈ, ಹಣೆಯೆಲ್ಲ ಬೆವರು. ನಾನು ಕೇಳಿದ್ದು ಏನು? "ಇಷ್ಟಕ್ಕೇ ಸುಸ್ತಾ?" ನೀನು ನಕ್ಕೆ. ಆ ನಗು ನನ್ನನ್ನ ನಿದ್ದೆ ಮಾಡಲು ಬಿಡುತ್ತಿಲ್ಲ ಕಣೇ. ಎಷ್ಟು ಹೊತ್ತು ಹಾಗೆ ಕೂತಿದ್ದೆ? ಕರೆದಿದ್ದೆಯಾ? ಕರೆದಿದ್ದರೂ ನನ್ನ ಕಥೆಯಲ್ಲಿ ನನಗೆ ಕೇಳಿಸುತ್ತಿರಲಿಲ್ಲ. ಹಿಂದೆ ನಿನ್ನ ಹಾಸ್ಟೆಲಿಗೆ ಬಿಟ್ಟು ಬರುವಾಗಲೂ ನಾನು ಹೀಗೇ ತಿರುಗಿ ನೋಡದೆ ನಡೆದಿದ್ದೆ.

ಆಮೇಲೆ ತಾಯುಮಾನವರ್ ಗುಡಿಯಲ್ಲಿ ನೀನು ರತ್ನಾವತಿಯ ಕಥೆ ಹೇಳಿದೆ. ಹೆರಿಗೆ ನೋವು ಶುರುವಾಗಿದೆ, ತಾಯಿ ಹೊರಟಿದ್ದಾಳೆ, ಕಾವೇರಿ ತುಂಬಿ ಆಚೆ ದಡದಲ್ಲೇ ನಿಂತಿದ್ದಾಳೆ. ಆಗ ಶಿವನೇ ಅವಳ ತಾಯಿಯ ರೂಪದಲ್ಲಿ ಬಂದು ಬಾಣಂತನ ಮಾಡಿದ. ಅದಕ್ಕೇ ಅವನು ತಾಯುಮಾನವರ್, ತಾಯಿಯೂ ಆದವನು. ಸುಖವಾಗಿ ಹೆರಿಗೆಯಾದರೆ ಇಲ್ಲಿ ಬಾಳೆಗೊನೆ ಒಪ್ಪಿಸುತ್ತಾರೆ ಅಂದೆ, ಒಂದು ಕ್ಷಣ ಸುಮ್ನಿದ್ದು, "ನಾವೂ ಒಪ್ಪಿಸಬೇಕು ಅಪ್ಪಾ" ಅಂದೆ. ನನಗೆ ಅರ್ಥವಾಗಲು ಅಷ್ಟು ಹೊತ್ತು ಬೇಕಾಯಿತು.

ತುತ್ತತುದಿಯ ಗಣಪನ ಗುಡಿ ಉಚ್ಚಿ ಪಿಳ್ಳೈಯಾರ್‌ವರೆಗೆ ನೀನೇ ಹಟ ಮಾಡಿ ಕರೆದುಕೊಂಡು ಹೋದೆ. ಕೆಳಗೆ ಊರು, ಆಚೆ ಕಾವೇರಿ, ಅದರಾಚೆ ಶ್ರೀರಂಗದ ರಾಜಗೋಪುರ. "ನಮ್ಮ ಶ್ರೀರಂಗಪಟ್ಟಣದ ಹಿತ್ತಲು ದಾಟಿ ಬಂದ ನೀರೇ ಇದು" ಅಂದೆ ನಾನು. ಇಷ್ಟು ದೂರದ ಊರಲ್ಲಿ, ಬೇರೆ ಭಾಷೆಯಲ್ಲಿ ಮನೆ ಕಟ್ಟಿಕೊಂಡ ನನ್ನ ಮಗಳು ಅಂತ ಎಷ್ಟು ಹೆಮ್ಮೆಯಾಯಿತು ಗೊತ್ತಾ? ಅಲ್ಲೇ ಹೇಳಬೇಕಿತ್ತು. ಹೇಳಲಿಲ್ಲ.

ಈಗ ನನ್ನ ಮಾತು ಕೇಳು. ನೀರಿನ ಬಿಂದಿಗೆ ಎತ್ತಬೇಡ. ಕಬ್ಬಿಣಾಂಶದ ಮಾತ್ರೆ ತಪ್ಪಿಸಬೇಡ, ಅದನ್ನ ಕಾಫಿ ಜೊತೆ ನುಂಗಬೇಡ. ಕಾಲು ಊದಿದರೆ, ತಲೆನೋವು ಬಂದರೆ ಅವತ್ತೇ ಡಾಕ್ಟರ್ ಹತ್ತಿರ ಹೋಗು, ಆಫೀಸು ಎಲ್ಲೂ ಓಡಿಹೋಗಲ್ಲ. ಕೋಟೆಯ ಕಡೆ ತಲೆ ಹಾಕಬೇಡ. ಮತ್ತೆ ಭಾಷಣ ಶುರು ಮಾಡಿದೆ, ಕ್ಷಮಿಸು.

ನೀನು ಬರಬೇಡ. ನಾನೇ ಬರುತ್ತೇನೆ. ಸಂಜೆ ಇಲ್ಲಿ ರೈಲು ಹತ್ತಿದರೆ ಬೆಳಗ್ಗೆ ನಿಮ್ಮ ಊರು. ದೊಡ್ಡಮ್ಮನ ಹತ್ತಿರ ಮೆಣಸಿನ ಸಾರು, ಬಾಣಂತಿ ಲೇಹ್ಯ ಎರಡೂ ಕಲಿಯುತ್ತಿದ್ದೇನೆ. ಮೊದಲ ಸಲ ಲೇಹ್ಯ ತಳ ಹಿಡಿಯಿತು, ಎರಡನೇ ಸಲ ಪರವಾಗಿಲ್ಲ ಅಂದರು. ಎಷ್ಟು ದಿನ ಬೇಕೋ ಅಷ್ಟು ದಿನ ಇರುತ್ತೇನೆ, ನಿನ್ನ ಅತ್ತೆಯವರಿಗೆ ಅಭ್ಯಂತರ ಇಲ್ಲ ತಾನೇ? ಕೇಳಿ ಹೇಳು.

ಮಗುವಿಗೆ ಎಣ್ಣೆ ಸ್ನಾನಕ್ಕೆ ಅಲ್ಲಿ ಹಂಡೆ ಇದೆಯಾ? ಇಲ್ಲದಿದ್ದರೆ ನಮ್ಮ ಮನೆಯದನ್ನೇ ಹುಣಸೆಹಣ್ಣು ಹಾಕಿ ಉಜ್ಜಿ ತರುತ್ತೇನೆ.

ನಿನ್ನ ಅಪ್ಪ